ಅತ್ತು ಉಂಡವನೂ ಅಳದೆ ಉಂಡವನೂ

ಮಕ್ಕಳಿಗಾಗಿ ಬರೆದ ನಗೆಪದ್ಯಗಳಲ್ಲಿ ಬಹುಪಾಲು ಓದಿದ ಗಳಿಗೆಯ ಸಂತೋಷವನ್ನು ಕೊಟ್ಟು ಮುಗಿಯುವಂಥವು. ಅದು ಅವುಗಳ ದೋಷವಲ್ಲ, ಆ ಸಂತೋಷವೇ ಅವುಗಳ ಸಾರ್ಥಕ್ಯ. ಆದರೆ ಓದಿ ನಕ್ಕವರನ್ನು, ನಗು ಇನ್ನೂ ತುಟಿಯ ಮೇಲಿರುವಾಗಲೇ, ಯಾರ ಪಕ್ಷ ವಹಿಸಿ ನಕ್ಕಿರಿ ಎಂದು ತಡೆದು ಕೇಳುವ ಪದ್ಯಗಳು ಯಾವ ಭಾಷೆಯಲ್ಲಿಯೂ ವಿರಳ. ಅಂಥದೊಂದು ಇಂಗ್ಲಿಷಿನಲ್ಲಿ ಉಂಟು. ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಚಾರ್ಲ್ಸ್ ಲಟ್ವಿಜ್ ಡಾಡ್ಜ್‌ಸನ್ ಎಂಬ ಆಕ್ಸ್‌ಫರ್ಡಿನ ಗಣಿತದ ಅಧ್ಯಾಪಕರು 1871ರ ಕೊನೆಯಲ್ಲಿ ಪ್ರಕಟಿಸಿದ 'ಥ್ರೂ ದ ಲುಕಿಂಗ್ ಗ್ಲಾಸ್' ಎಂಬ ಪುಸ್ತಕದಲ್ಲಿ ಬರುವ, ವಾಲ್ರಸ್ ಮತ್ತು ಬಡಗಿಯ ಕಥೆಯನ್ನು ಹೇಳುವ ಪದ್ಯವೇ ಅದು. ಕಡಲ ತೀರದಲ್ಲಿ ನಡೆಯುವ ಈ ಕಥೆಯಲ್ಲಿ ಪಾತ್ರಗಳು ಮೂರೇ ಬಗೆ: ಕೋರೆದಾಡೆಯ ಒಂದು ವಾಲ್ರಸ್, ಒಬ್ಬ ಬಡಗಿ, ಮತ್ತು ಎಣಿಕೆಗೆ ಸಿಕ್ಕದಷ್ಟು ಸಿಂಪಿಗಳು. ಇವರಲ್ಲಿ ಮೊದಲಿನ ಇಬ್ಬರು ಮಾತನಾಡುತ್ತಾರೆ, ಉಳಿದವು ನಂಬುತ್ತವೆ. ಪದ್ಯ ಮುಗಿಯುವ ಹೊತ್ತಿಗೆ ನಂಬಿದವರಲ್ಲಿ ಒಬ್ಬರೂ ಉಳಿದಿರುವುದಿಲ್ಲ.

ಪುಸ್ತಕದಲ್ಲಿ ಈ ಪದ್ಯ ಬರುವ ಸಂದರ್ಭವನ್ನು ಮೊದಲು ನೆನೆಯಬೇಕು. ಕನ್ನಡಿಯ ಆಚೆಗಿನ ಲೋಕಕ್ಕೆ ಹೋದ ಆಲಿಸ್ ಎಂಬ ಹುಡುಗಿ, ಕಾಡಿನಿಂದ ಹೊರಬೀಳುವ ದಾರಿ ಯಾವುದೆಂದು ಟ್ವೀಡಲ್‌ಡಮ್ ಮತ್ತು ಟ್ವೀಡಲ್‌ಡೀ ಎಂಬ ಅವಳಿಸೋದರರನ್ನು ಕೇಳುತ್ತಾಳೆ. ಅವರು ದಾರಿಯನ್ನು ಹೇಳುವುದಿಲ್ಲ. ಪದ್ಯ ಹೇಳುತ್ತೇವೆ ಎನ್ನುತ್ತಾರೆ, ಅದರಲ್ಲಿಯೂ ತಮಗೆ ಬರುವ ಪದ್ಯಗಳಲ್ಲೆಲ್ಲ ಉದ್ದವಾದುದನ್ನೇ ಆರಿಸಿಕೊಳ್ಳುತ್ತಾರೆ. ಬಹಳ ಉದ್ದವಿದ್ದರೆ ಮೊದಲು ದಾರಿಯನ್ನಷ್ಟು ತಿಳಿಸಬಹುದೆ ಎಂದು ಹುಡುಗಿ ವಿನಯದಿಂದ ವಿಜ್ಞಾಪಿಸಿಕೊಳ್ಳುವುದರೊಳಗಾಗಿ ಪಠನ ಆರಂಭವಾಗಿಬಿಟ್ಟಿರುತ್ತದೆ. ಆರು ಸಾಲುಗಳ 18 ಪದ್ಯಖಂಡಗಳು, ಒಟ್ಟು 108 ಸಾಲು. ಆರು ಸಾಲೆಂದೊಡನೆ ಕನ್ನಡಿಗರಿಗೆ ಷಟ್ಪದಿ ನೆನಪಾಗುವುದು ಸಹಜ. ಆದರೆ ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಪಾದಗಳು ನೀಳವಾಗಿ ಹರಿದು ನಿಂತರೆ, ಇಲ್ಲಿ ಎರಡು, ನಾಲ್ಕು, ಆರನೆಯ ಸಾಲುಗಳು ಕುಗ್ಗಿ, ಮೂರೂ ಒಂದೇ ಅಂತ್ಯಪ್ರಾಸದಲ್ಲಿ ಮುಗಿಯುತ್ತವೆ. ಆದ್ದರಿಂದ ನಡಿಗೆಯಲ್ಲಿ ಗಾಂಭೀರ್ಯಕ್ಕಿಂತ ಕುಣಿತ ಹೆಚ್ಚು. ಮುಂದೆ ನಡೆಯಲಿರುವ ಕೃತ್ಯಕ್ಕೂ ಈ ಕುಣಿತದ ಲಯಕ್ಕೂ ಇರುವ ವಿರೋಧವನ್ನು ಕವಿ ಬೇಕೆಂದೇ ಕಾಪಾಡಿಕೊಂಡು ಬಂದಿದ್ದಾರೆ.

ಆ ಕಾಲದ ಇಂಗ್ಲೆಂಡಿನಲ್ಲಿ ಮಕ್ಕಳ ಪದ್ಯವೆಂದರೆ ಮುಖ್ಯವಾಗಿ ನೀತಿಬೋಧೆ. ಐಸಾಕ್ ವಾಟ್ಸ್ ಎಂಬ ಧರ್ಮಬೋಧಕರು 1715ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ ಗೀತೆಗಳು ನೂರೈವತ್ತು ವರ್ಷಗಳ ಅನಂತರವೂ ಮನೆಮನೆಯಲ್ಲಿ ಬಾಯಿಪಾಠವಾಗುತ್ತಿದ್ದುವು. ಶ್ರಮಜೀವಿಯಾದ ಜೇನುನೊಣವನ್ನು ನೋಡಿ ಕಲಿಯಿರೆಂಬುದು ಅವುಗಳಲ್ಲಿ ಒಂದರ ಉಪದೇಶ. ಕ್ಯಾರಲ್ ತಮ್ಮ ಮೊದಲ ಪುಸ್ತಕವಾದ 1865ರ 'ಆಲಿಸ್'ನಲ್ಲಿ ಈ ಪದ್ಯವನ್ನೇ ಹಿಡಿದು, ಜೇನುನೊಣವಿದ್ದ ಜಾಗದಲ್ಲಿ ಒಂದು ಮೊಸಳೆಮರಿಯನ್ನು ತಂದು ಕೂರಿಸಿದರು. ಅದು ಸೌಮ್ಯವಾಗಿ ಬಾಯಿ ತೆರೆದು ನಗುತ್ತ ಪುಟ್ಟ ಮೀನುಗಳನ್ನು ಒಳಗೆ ಬರಮಾಡಿಕೊಳ್ಳುತ್ತದೆ. ಅದೇ ಪುಸ್ತಕದ ಕೊನೆಯ ಭಾಗದಲ್ಲಿ ಕಡಲ ಪ್ರಾಣಿಗಳ ಕುಣಿತದ ಪದ್ಯವೊಂದಿದೆ. ಅದನ್ನು ಕೇಳುವಾಗ ಆಲಿಸ್, ತಾನು ಆ ಜಾತಿಯ ಮೀನನ್ನು ನೋಡಿರುವುದು ಊಟದ ತಟ್ಟೆಯಲ್ಲೆಂದು ಹೇಳಹೊರಟು, ಕೇಳುವವರಿಗೆ ನೋವಾದೀತೆಂದು ಮಾತನ್ನು ಅರ್ಧದಲ್ಲಿಯೇ ನುಂಗಿಕೊಳ್ಳುತ್ತಾಳೆ. ಎರಡನೆಯ ಪುಸ್ತಕದ ಕಡೆಯ ಔತಣದಲ್ಲಿಯಂತೂ, ಈ ಲೋಕದವರಿಗೆ ಮೀನಿನ ವಿಚಾರದಲ್ಲಿ ಇಷ್ಟು ಆಸ್ಥೆ ಏಕೆಂದು ಅವಳು ಬಾಯಿಬಿಟ್ಟೇ ಕೇಳುತ್ತಾಳೆ. ಅಲ್ಲಿ ಬಿಳಿಯ ರಾಣಿ ಒಡ್ಡುವ ಒಗಟಿಗೂ ಉತ್ತರ ಸಿಂಪಿಯೇ. ಮಗು ಪ್ರೀತಿಸುವ ಪ್ರಾಣಿಯೂ ಮಗು ತಿನ್ನುವ ಪ್ರಾಣಿಯೂ ಒಂದೇ ಎಂಬ ಸಂಗತಿ ಈ ಎರಡು ಪುಸ್ತಕಗಳ ಉದ್ದಕ್ಕೂ ಹರಿದಿದೆ. ವಾಲ್ರಸ್ಸಿನ ಪದ್ಯದಲ್ಲಿ ಅದು ಮರೆಯಿಲ್ಲದೆ ನಮ್ಮೆದುರಿಗೆ ಬಂದು ನಿಲ್ಲುತ್ತದೆ.

ಕಥೆ ಆರಂಭವಾಗುವುದು ನಡುರಾತ್ರಿಯಲ್ಲಿ; ಆದರೆ ಆಕಾಶದಲ್ಲಿ ಬೆಳಗುತ್ತಿರುವವನು ಸೂರ್ಯ. ತನ್ನ ಸರದಿಯನ್ನು ಕಸಿದುಕೊಂಡನೆಂದು ಚಂದ್ರ ಮುಖ ಊದಿಸಿಕೊಂಡಿದ್ದಾನೆ. ಕಡಲು ತಕ್ಕಷ್ಟು ಒದ್ದೆಯಾಗಿದೆ, ಮರಳು ತಕ್ಕಷ್ಟು ಒಣಗಿದೆ, ಆಕಾಶದಲ್ಲಿ ಮೋಡವಿಲ್ಲದ್ದರಿಂದ ಮೋಡ ಕಾಣಿಸುತ್ತಿಲ್ಲ. ಇದನ್ನೆಲ್ಲ ಅರ್ಥವಿಲ್ಲದ ಹುಚ್ಚಾಟವೆಂದು ಓದುವುದು ವಾಡಿಕೆ. ಆದರೆ ವಾಲ್ರಸ್ಸಿನ ತವರನ್ನು ನೆನೆದರೆ ಇದರ ಬಣ್ಣ ಬೇರೆಯಾಗಿ ಕಾಣುತ್ತದೆ. ಉತ್ತರಧ್ರುವದ ಸುತ್ತಲಿನ ಹಿಮಸಮುದ್ರಗಳಲ್ಲಿ ಬದುಕುವ ಆ ಪ್ರಾಣಿಗೆ ನಡುರಾತ್ರಿಯ ಸೂರ್ಯ ವಿಪರೀತವಲ್ಲ. ಅಲ್ಲಿ ಬೇಸಗೆಯಲ್ಲಿ ವಾರಗಟ್ಟಲೆ ಸೂರ್ಯ ಮುಳುಗುವುದೇ ಇಲ್ಲ. ಕವಿ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದರೆಂದು ನಾನು ವಾದಿಸಲಾರೆ. ಆದರೂ ಅಸಂಬದ್ಧವೆಂದು ತೋರುವ ಮಾತು ಯಾವುದೋ ಒಂದು ದೇಶದಲ್ಲಿ ದಿನದ ಸಂಗತಿಯಾಗಿರಬಹುದೆಂಬುದು ಮಕ್ಕಳಿಗೆ ತಿಳಿಸಿಕೊಡತಕ್ಕ ವಿಷಯವೇ ಸರಿ.

ಇಂಥ ಬೆಳಕಿನಲ್ಲಿ ಇಬ್ಬರು ಗೆಳೆಯರು ದಂಡೆಯ ಮೇಲೆ ನಡೆದು ಬರುತ್ತಾರೆ, ಅಷ್ಟೊಂದು ಮರಳನ್ನು ಕಂಡು ಅಳುತ್ತಾರೆ. ಏಳು ಜನ ಕೆಲಸದ ಹೆಂಗಸರು ಏಳು ಕಸಬರಿಕೆ ಹಿಡಿದು ಆರು ತಿಂಗಳು ಗುಡಿಸಿದರೆ ಇದೆಲ್ಲ ಹಸನಾದೀತೆ ಎಂದು ವಾಲ್ರಸ್ ಕೇಳುತ್ತದೆ. ಬಡಗಿ ಸಂಶಯ ವ್ಯಕ್ತಪಡಿಸಿ ಇನ್ನೊಂದು ಹನಿ ಕಣ್ಣೀರು ಹಾಕುತ್ತಾನೆ. ಇಷ್ಟು ಆಳು, ಇಷ್ಟು ದಿನ, ಇಷ್ಟು ಕೆಲಸ ಎಂಬ ತ್ರೈರಾಶಿಯ ಲೆಕ್ಕವನ್ನು ಶಾಲೆಯಲ್ಲಿ ಮಾಡಿ ದಣಿದ ಮಕ್ಕಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಆ ಲೆಕ್ಕದ ಗಂಭೀರ ಮುಖವನ್ನು ಇಲ್ಲಿ ಕಂಡು ಅವರು ನಕ್ಕೇ ನಗುತ್ತಾರೆ, ಬರೆದವರು ಸ್ವತಃ ಗಣಿತದ ಮೇಷ್ಟರಾದುದರಿಂದ ಆ ನಗೆಗೆ ಅಧಿಕಾರವೂ ಉಂಟು. ಆದರೆ ಹಾಸ್ಯದ ಮರೆಯಲ್ಲಿ ಕವಿ ಮಾಡಿಟ್ಟಿರುವ ಮುಖ್ಯ ಕೆಲಸ ಬೇರೊಂದಿದೆ. ಈ ಇಬ್ಬರ ಕಣ್ಣೀರು ಎಷ್ಟು ಸುಲಭವಾಗಿ ಹರಿಯತಕ್ಕದ್ದು, ಅದಕ್ಕೆ ಮರಳಿನಂಥ ನೆವವೂ ಸಾಕು ಎಂಬುದನ್ನು ನಾಲ್ಕನೆಯ ಪದ್ಯಖಂಡದಲ್ಲಿಯೇ ನಮಗೆ ತೋರಿಸಿಬಿಟ್ಟಿದ್ದಾರೆ. ನಕ್ಕ ಸಡಗರದಲ್ಲಿ ನಾವು ಅದನ್ನು ಗಮನಕ್ಕೆ ತಂದುಕೊಳ್ಳುವುದಿಲ್ಲ.

ಅನಂತರ ವಾಲ್ರಸ್ ಸಿಂಪಿಗಳನ್ನು ವಾಯುವಿಹಾರಕ್ಕೆ ಕರೆಯುತ್ತದೆ. ಹಿತವಾದ ನಡಿಗೆ, ಹಿತವಾದ ಮಾತು. ತಮ್ಮಿಬ್ಬರಿಗೂ ಸೇರಿ ಕೈಗಳು ನಾಲ್ಕೇ ಆದುದರಿಂದ, ಒಬ್ಬೊಬ್ಬರಿಗೆ ಒಂದೊಂದು ಕೈ ಕೊಡಬೇಕಾದರೆ ನಾಲ್ವರಿಗೆ ಮೇಲ್ಪಟ್ಟು ಬರಕೂಡದು ಎಂಬ ಎಚ್ಚರಿಕೆ ಬೇರೆ. ಈ ನಿರ್ಬಂಧದ ಜಾಣತನವನ್ನು ಸ್ವಲ್ಪ ನಿಂತು ನೋಡಬೇಕು. ಎಲ್ಲರೂ ಬನ್ನಿ ಎಂದು ಕರೆದಿದ್ದರೆ ಅನುಮಾನಕ್ಕೆ ಎಡೆಯಿರುತ್ತಿತ್ತು. ನಾಲ್ವರಿಗೆ ಮಾತ್ರ ಎಂದೊಡನೆ ಅದು ಪ್ರತಿಷ್ಠೆಯ ವಿಷಯವಾಯಿತು. ಹಿರಿಯ ಸಿಂಪಿಯೊಂದು ಏನೂ ನುಡಿಯದೆ ಕಣ್ಣು ಮಿಟುಕಿಸಿ, ಭಾರವಾದ ತಲೆಯನ್ನು ಅಲ್ಲಾಡಿಸಿ, ತನ್ನ ಹಾಸನ್ನು ಬಿಟ್ಟು ಬರುವುದಿಲ್ಲವೆಂದು ಸೂಚಿಸುತ್ತದೆ. ಆದರೆ ನಾಲ್ಕು ಎಳೆಯ ಸಿಂಪಿಗಳು ಅಂಗಿಯ ಧೂಳು ಕೊಡವಿಕೊಂಡು, ಮುಖ ತೊಳೆದುಕೊಂಡು, ಕಾಲೇ ಇಲ್ಲದಿದ್ದರೂ ಬೂಟುಗಳನ್ನು ಒರಸಿಕೊಂಡು ಓಡಿ ಬರುತ್ತವೆ. ಅವುಗಳ ಹಿಂದೆ ಇನ್ನು ನಾಲ್ಕು, ಅವುಗಳ ಹಿಂದೆ ಮತ್ತೆ ನಾಲ್ಕು, ಕೊನೆಗೆ ಗುಂಪುಗುಂಪಾಗಿ ನೊರೆಯಲೆಗಳನ್ನು ಹಾರಿ ದಡಕ್ಕೆ ಬರುತ್ತವೆ. ನಾಲ್ವರೆಂಬ ನಿಯಮ ಮುರಿದುಬಿದ್ದುದಕ್ಕೆ ಕರೆದವರಿಬ್ಬರೂ ಯಾವ ಆಕ್ಷೇಪಣೆಯನ್ನೂ ಎತ್ತುವುದಿಲ್ಲ.

ಬ್ರೌನಿಂಗ್ ಕವಿಯ ಪದ್ಯವನ್ನು ಕುವೆಂಪು ಅವರು ಕನ್ನಡದ ಕಿಂದರಿಜೋಗಿಯಾಗಿ ಮಾಡಿಕೊಟ್ಟಿರುವುದರಿಂದ, ಇಂಥ ಮೆರವಣಿಗೆಯೊಂದು ನಮ್ಮ ಮಕ್ಕಳಿಗೆ ಅಪರಿಚಿತವಲ್ಲ. ಬೊಮ್ಮನಹಳ್ಳಿಯ ಇಲಿಗಳೂ ಹೀಗೆಯೇ ಹಿಂಡುಹಿಂಡಾಗಿ ಹೊರಟುವು. ಆದರೆ ಅಲ್ಲಿ ಎಳೆದೊಯ್ದದ್ದು ಮಾಯೆಯ ನಾದ, ಕೇಳಿದವರಿಗೆ ಬೇರೆ ದಾರಿಯೇ ಇರಲಿಲ್ಲ. ಇಲ್ಲಿ ಎಳೆದದ್ದು ಬರೀ ಸವಿಮಾತು. ಹೋಗದೆ ಉಳಿಯುವುದು ಸಾಧ್ಯವಿತ್ತೆಂಬುದಕ್ಕೆ ಆ ಮುದಿ ಸಿಂಪಿಯೇ ಸಾಕ್ಷಿ.

ಆ ಮುದಿ ಸಿಂಪಿಯ ಚಿತ್ರದಲ್ಲಿ ಪ್ರಕೃತಿಸತ್ಯವೂ ಅಡಗಿದೆ. ಸಿಂಪಿ ಹುಟ್ಟಿದ ಹೊಸತರಲ್ಲಿ, ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿದ್ದಾಗ, ಒಂದೆರಡು ವಾರಗಳ ಕಾಲ ನೀರಿನಲ್ಲಿ ಸ್ವಚ್ಛಂದವಾಗಿ ತೇಲುತ್ತ ಈಜುತ್ತ ಇರುತ್ತದೆ. ಆಮೇಲೆ ಗಟ್ಟಿಯಾದ ನೆಲೆಯೊಂದನ್ನು, ಕಲ್ಲನ್ನೋ ಹಳೆಯ ಚಿಪ್ಪನ್ನೋ ಹುಡುಕಿ, ತನ್ನ ಎಡಚಿಪ್ಪನ್ನು ಅದಕ್ಕೆ ಗಾರೆಯಂಥ ಅಂಟಿನಿಂದ ಬೆಸೆದುಕೊಂಡುಬಿಡುತ್ತದೆ. ಬೆಳೆದ ಸಿಂಪಿ ಆಯುಷ್ಯವಿಡೀ ಅಲ್ಲಿಯೇ. ಚಿಪ್ಪನ್ನು ಬಿರಿದು ನೀರನ್ನು ಒಳಗೆಳೆದು, ಅದರಲ್ಲಿರುವ ಸೂಕ್ಷ್ಮ ಆಹಾರವನ್ನು ಸೋಸಿಕೊಂಡು ಬದುಕುವುದೇ ಅದರ ವೃತ್ತಿ. ಅಲೆದಾಟ ಎಳೆಯರದು, ನೆಲೆ ಹಿರಿಯರದು ಎಂದು ಪದ್ಯ ಹೇಳುವುದು ಜೀವಶಾಸ್ತ್ರಕ್ಕೂ ಒಪ್ಪುವ ಮಾತು. ವಾಲ್ರಸ್ಸಿನ ಊಟದ ವಿಚಾರವೂ ಹಾಗೆಯೇ. ಒಂದು ಟನ್ನಿಗೂ ಮೀರಿ ತೂಗುವ ಆ ಪ್ರಾಣಿಯ ಮುಖ್ಯ ಆಹಾರ ಕಡಲ ತಳದ ಮಣ್ಣಿನಲ್ಲಿ ಹುದುಗಿರುವ ಚಿಪ್ಪಿನ ಜೀವಿಗಳೇ. ಮೂತಿಯ ಮೇಲಿನ ನೂರಾರು ಒರಟು ಮೀಸೆಗೂದಲುಗಳಿಂದ ಅವುಗಳನ್ನು ತಡವಿ ಗುರುತಿಸಿ, ತುಟಿಯಿಂದ ಚಿಪ್ಪನ್ನು ಬಿಗಿಯಾಗಿ ಕವಿದು, ನಾಲಗೆಯನ್ನು ರಭಸದಿಂದ ಹಿಂದಕ್ಕೆ ಸೆಳೆದು ಒಳಗಿನ ಮಾಂಸವನ್ನು ಹೀರಿ, ಬರಿಯ ಚಿಪ್ಪನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತದೆ; ಹೀಗೆ ದಿನಕ್ಕೆ ಸಾವಿರಾರನ್ನು ತಿನ್ನಬಲ್ಲುದು. ನಿಜವಾದ ವಾಲ್ರಸ್ ಯಾರನ್ನೂ ವಿಹಾರಕ್ಕೆ ಕರೆಯುವುದಿಲ್ಲ, ಅತ್ತೂ ತೋರಿಸುವುದಿಲ್ಲ. ಅದು ಹಸಿದು ತಿನ್ನುತ್ತದೆ, ಅಷ್ಟೆ. ಪದ್ಯದ ವಾಲ್ರಸ್ ಧರಿಸಿರುವ ಕೋಟು ಕೈಚೌಕಗಳು ಎಲ್ಲಿಂದ ಬಂದುವೋ, ಅದರ ಮಾತೂ ಕಣ್ಣೀರೂ ಅಲ್ಲಿಂದಲೇ ಬಂದುವು.

ಇಂದಿನ ಓದುಗರಿಗೆ, ಅದರಲ್ಲಿಯೂ ನಮ್ಮಂಥ ದೂರದ ಓದುಗರಿಗೆ, ಸುಲಭವಾಗಿ ಹೊಳೆಯದ ಇನ್ನೊಂದು ಸಂಗತಿಯುಂಟು. ಸಿಂಪಿ ಆ ಕಾಲದ ಲಂಡನ್ನಿನಲ್ಲಿ ಬೀದಿಯ ತಿಂಡಿ. ಹೆನ್ರಿ ಮೇಹ್ಯೂ ಎಂಬ ಪತ್ರಕರ್ತರು ಲಂಡನ್ನಿನ ಬಡವರ ಬದುಕನ್ನು ಕುರಿತು 1851ರಲ್ಲಿ ಪ್ರಕಟಿಸಿದ ಬೃಹತ್ ಸಮೀಕ್ಷೆಯಲ್ಲಿ, ಬೀದಿಯ ವ್ಯಾಪಾರಿಗಳೇ ವರ್ಷಕ್ಕೆ 12 ಕೋಟಿ 40 ಲಕ್ಷ ಸಿಂಪಿಗಳನ್ನು ಮಾರುತ್ತಿದ್ದರೆಂದೂ ಒಂದು ಪೆನ್ನಿಗೆ ನಾಲ್ಕು ಅವುಗಳ ಬೆಲೆಯೆಂದೂ ಲೆಕ್ಕ ಕೊಟ್ಟಿದ್ದಾರೆ. ಪೆನ್ನಿಗೆ ನಾಲ್ಕು! ಪದ್ಯದ ಸಿಂಪಿಗಳು ನಾಲ್ಕುನಾಲ್ಕಾಗಿ ಓಡಿ ಬರುವುದನ್ನು ಆ ಊರಿನ ಮಕ್ಕಳು ಕೇಳಿದಾಗ ಈ ಬೆಲೆ ಅವರ ಕಿವಿಯಲ್ಲಿ ಮೊಳಗದೆ ಇದ್ದೀತೆ? ಡಿಕನ್ಸರ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯ ಸ್ಯಾಮ್ ವೆಲ್ಲರ್, ಬಡತನವಿದ್ದಲ್ಲಿ ಸಿಂಪಿ ಇದ್ದೇ ಇರುತ್ತದೆಂಬ ಅಭಿಪ್ರಾಯವನ್ನು ಆಡಿದ್ದು ಮೇಹ್ಯೂ ಅವರ ಸಮೀಕ್ಷೆಗಿಂತ ಹದಿನೈದು ವರ್ಷ ಹಿಂದೆ. ಆದರೆ ರೈಲು ಬಂದು ಬೇಡಿಕೆ ಮಿತಿಮೀರಿ, ಬಾಚಿದ್ದೇ ಬಾಚಿ, 1860ರ ದಶಕದಲ್ಲಿ ಕಡಲ ಹಾಸುಗಳು ಬರಿದಾಗತೊಡಗಿದುವು; ಬೆಲೆ ಹಲವು ಮಡಿ ಏರಿ, ಬಡವರ ತಿಂಡಿ ಸಿರಿವಂತರ ಮೇಜನ್ನು ಸೇರಿತು; 1876ರಲ್ಲಿ ಬ್ರಿಟಿಷ್ ಸಂಸತ್ತು ಇದರ ವಿಚಾರಣೆಗಾಗಿಯೇ ಸಮಿತಿಯನ್ನು ನೇಮಿಸಬೇಕಾಯಿತು. ಒಂದನ್ನೂ ಬಿಡದೆ ತಿಂದು ಮುಗಿಸಿದ ಕಥೆ ಪ್ರಕಟವಾದದ್ದು, ಒಂದು ಇಡೀ ನಗರ ಸಿಂಪಿಯನ್ನು ಹಾಗೆ ತಿಂದು ಮುಗಿಸುತ್ತಿದ್ದ ವರ್ಷಗಳಲ್ಲಿ.

ತಿನ್ನುವ ಕ್ರಮವನ್ನೂ ಹೇಳಬೇಕು. ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಎಂಬ ಚಿಪ್ಪಿನ ಜೀವಿಯನ್ನು ಆಯುವವರನ್ನು ನಮ್ಮಲ್ಲಿ ಕೆಲವರು ಕಂಡಿದ್ದಾರೆ. ಅದನ್ನು ಮನೆಗೆ ತಂದು ಬೇಯಿಸಿ ಪದಾರ್ಥ ಮಾಡುತ್ತಾರೆ. ಇಂಗ್ಲೆಂಡಿನ ಸಿಂಪಿಯ ಸಂಗತಿ ಹಾಗಲ್ಲ. ಅದನ್ನು ಬದುಕಿರುವಾಗಲೇ ಚೂರಿಯಿಂದ ಬಿಚ್ಚಿ, ಮೇಲೆ ಮೆಣಸಿನ ಪುಡಿಯನ್ನೂ ವಿನಿಗರನ್ನೂ ಹಾಕಿ, ಬೆಣ್ಣೆ ಹಚ್ಚಿದ ಬ್ರೆಡ್ಡಿನ ಜೊತೆಗೆ ಹಸಿಯಾಗಿಯೇ ನುಂಗುವರು. ಆದುದರಿಂದ, ಒಂದು ಮೈಲಿ ನಡೆದು ದಣಿದ ಸಿಂಪಿಗಳು ಬಂಡೆಯ ಮುಂದೆ ಸಾಲಾಗಿ ನಿಂತು ಏದುಸಿರು ಬಿಡುತ್ತಿರುವಾಗ, ವಾಲ್ರಸ್ ಮೊದಲು ಪಾದರಕ್ಷೆ, ಹಡಗು, ಅರಗು, ಎಲೆಕೋಸು, ಅರಸರು ಎಂದು ಊರ ಮೇಲಿನ ವಿಷಯಗಳನ್ನೆಲ್ಲ ಎತ್ತಿ, ಅನಂತರ ಅದೇ ದನಿಯಲ್ಲಿ, ನಮಗೀಗ ಮುಖ್ಯವಾಗಿ ಬೇಕಾದುದು ಒಂದು ಬ್ರೆಡ್ಡು, ಮೆಣಸು ವಿನಿಗರುಗಳಿದ್ದರೆ ಇನ್ನೂ ಲೇಸು ಎಂಬ ಅರ್ಥದ ಮಾತನ್ನು ಆಡಿದಾಗ, ಆ ನಾಡಿನ ಐದು ವರ್ಷದ ಮಗುವಿಗೂ ಎಲ್ಲವೂ ತಿಳಿದುಹೋಗುತ್ತಿತ್ತು. ಆ ಗಳಿಗೆಯವರೆಗೆ ತಿಳಿಯದೆ ಇದ್ದವರು ಸಿಂಪಿಗಳು ಮಾತ್ರ. ಅವು ನೀಲಿಗಟ್ಟಿ, ನಮ್ಮನ್ನೆ ಎಂದು ಕೇಳುವಾಗ, ವಾಲ್ರಸ್ ರಾತ್ರಿಯ ಸೊಬಗನ್ನೂ ತೀರದ ನೋಟವನ್ನೂ ಹೊಗಳುತ್ತದೆ.

ಇಲ್ಲಿಂದ ಮುಂದಿನ ನಾಲ್ಕು ಖಂಡಗಳು ಪದ್ಯದ ಹೃದಯ. ಇಷ್ಟು ದೂರ ನಡೆಸಿಕೊಂಡು ಬಂದು ಹೀಗೆ ವಂಚಿಸಿದ್ದು ನಾಚಿಕೆಗೇಡೆಂದು ವಾಲ್ರಸ್ ತಾನೇ ಹೇಳುತ್ತದೆ. ಬಡಗಿ ಅದಕ್ಕೆ ಯಾವ ಉತ್ತರವನ್ನೂ ಕೊಡದೆ, ಬೆಣ್ಣೆ ದಪ್ಪವಾಯಿತೆಂದಷ್ಟೇ ಗೊಣಗುತ್ತಾನೆ. ನಿಮಗಾಗಿ ನನ್ನ ಕರುಳು ಕರಗುತ್ತಿದೆ ಎಂದು ವಾಲ್ರಸ್ ಬಿಕ್ಕಿ ಬಿಕ್ಕಿ ಅಳುತ್ತದೆ. ಅಳುತ್ತಲೇ, ಧಾರಾಕಾರವಾದ ಕಣ್ಣೀರಿಗೆ ಕೈಚೌಕವನ್ನು ಒಡ್ಡಿಕೊಂಡು, ಸಿಂಪಿಗಳಲ್ಲಿ ದಪ್ಪನಾದುವನ್ನು ಒಂದೊಂದಾಗಿ ಆಯ್ದುಕೊಳ್ಳುತ್ತದೆ. ಕೊನೆಗೆ ಬಡಗಿ, ಓಟ ಚೆನ್ನಾಗಿತ್ತಲ್ಲವೆ, ಇನ್ನು ಮನೆಗೆ ಹೊರಡೋಣವೆ ಎಂದು ಸಿಂಪಿಗಳನ್ನು ಕೇಳುತ್ತಾನೆ. ಉತ್ತರ ಕೊಡಲು ಯಾರೂ ಇರಲಿಲ್ಲ. ಪದ್ಯ ಅಲ್ಲಿಗೆ ಮುಗಿಯುತ್ತದೆ. ಶಿಕ್ಷೆಯಿಲ್ಲ, ಪಶ್ಚಾತ್ತಾಪವಿಲ್ಲ, ಆದುದರಿಂದ ಮಕ್ಕಳೇ ಎಂದು ತೊಡಗುವ ಉಪದೇಶವಿಲ್ಲ.

ತಿನ್ನುವವರು ಮತ್ತು ತಿನ್ನಲ್ಪಡುವವರು ಎದುರುಬದುರಾಗಿ ನಿಲ್ಲುವ ಮಕ್ಕಳ ಪದ್ಯವೆಂದರೆ ನಮಗೆ ಮೊದಲು ಹೊಳೆಯತಕ್ಕದ್ದು ಪುಣ್ಯಕೋಟಿಯ ಹಾಡು. ಅಲ್ಲಿ ಅರ್ಭುತನೆಂಬ ಹುಲಿ ಹಸುವಿನ ಸತ್ಯನಿಷ್ಠೆಗೆ ಕರಗಿ, ತಿನ್ನಲಾರದೆ, ತನ್ನ ಪ್ರಾಣವನ್ನೇ ಬಿಡುತ್ತದೆ. ಅದರ ದುಃಖ ಅದರ ಹಸಿವನ್ನು ಗೆದ್ದಿತು. ವಾಲ್ರಸ್ಸಿನ ದುಃಖಕ್ಕೆ ಹಸಿವಿನೊಡನೆ ಯಾವ ಜಗಳವೂ ಇಲ್ಲ. ಎರಡೂ ಒಂದೇ ಮೇಜಿಗೆ ಕುಳಿತು ಊಟ ಮಾಡುತ್ತವೆ. ವಾಲ್ರಸ್ಸಿಗೆ ಹತ್ತಿರದ ನೆಂಟನನ್ನು ನಮ್ಮಲ್ಲಿ ಹುಡುಕುವುದಾದರೆ ಪಂಚತಂತ್ರದ ಕೊಕ್ಕರೆಯ ಬಳಿಗೆ ಹೋಗಬೇಕು. ಕೆರೆ ಬತ್ತಲಿದೆಯೆಂದು ಮೀನುಗಳ ಮುಂದೆ ಮರುಗಿ, ಬೇರೆ ಕೊಳಕ್ಕೆ ಸಾಗಿಸುತ್ತೇನೆಂದು ಒಂದೊಂದನ್ನೇ ಹೊತ್ತು ಬಂಡೆಯ ಮೇಲೆ ತಿನ್ನುತ್ತಿದ್ದ ಆ ಕೊಕ್ಕರೆಯನ್ನು, ಕೊನೆಗೆ ಏಡಿ ಕತ್ತು ಕತ್ತರಿಸಿ ಕೊಲ್ಲುತ್ತದೆ. ಕಥೆ ಕೇಳಿದ ಮಗು ನಿಟ್ಟುಸಿರು ಬಿಟ್ಟು ಮಲಗಬಹುದು. ಈ ಎರಡು ಕಥೆಗಳಲ್ಲಿಯೂ ನ್ಯಾಯ ಕಥೆಯೊಳಗೇ ಮುಗಿಯಿತು. ಒಂದರಲ್ಲಿ ಕೊಲ್ಲಬೇಕಾಗಿದ್ದವನ ಮನಸ್ಸು ನ್ಯಾಯ ಮಾಡಿತು, ಇನ್ನೊಂದರಲ್ಲಿ ಏಡಿಯ ಕೊಂಡಿ ಮಾಡಿತು. ಕ್ಯಾರಲ್ಲರ ಪದ್ಯದಲ್ಲಿ ನ್ಯಾಯ ಮಾಡುವವರಿಲ್ಲ. ಪುಣ್ಯಕೋಟಿಯನ್ನು ಹಾಡಿ ಬೆಳೆದ ಮಕ್ಕಳಿಗೆ ಇದು ಕ್ರೂರವೆಂದು ತೋರಬಹುದು. ಆದರೂ ಆ ಹಾಡಿನಿಂದ ಸತ್ಯದ ಬಲವನ್ನು ಅರಿತ ಮಗು, ಕಣ್ಣೀರೆಲ್ಲವೂ ಅರ್ಭುತನ ಕಣ್ಣೀರಲ್ಲವೆಂಬುದನ್ನೂ ಎಂದಾದರೊಂದು ದಿನ ಅರಿಯಬೇಕಷ್ಟೆ. ನಗುನಗುತ್ತ ಅರಿಯುವುದು ಅದಕ್ಕಿರುವ ದಾರಿಗಳಲ್ಲಿ ಮೇಲಾದುದೆಂದು ನನ್ನ ನಂಬಿಕೆ.

ಇಬ್ಬರು ಭಕ್ಷಕರು ಯಾರ ಪ್ರತೀಕವೆಂಬ ಚರ್ಚೆ ಬಹಳ ನಡೆದಿದೆ. ಧರ್ಮಗಳನ್ನೂ ಸಾಮ್ರಾಜ್ಯಗಳನ್ನೂ ಇಲ್ಲಿ ಕಂಡವರಿದ್ದಾರೆ. ಇಂಗ್ಲಿಷ್ ಲೇಖಕ ಜೆ.ಬಿ. ಪ್ರೀಸ್ಟ್‌ಲಿಯವರು 1957ರಲ್ಲಿ ಬರೆದ ಲೇಖನವೊಂದರಲ್ಲಿ ಇವರನ್ನು ಎರಡು ಬಗೆಯ ರಾಜಕಾರಣಿಗಳೆಂದು ವ್ಯಾಖ್ಯಾನಿಸಿದರು; ನಮ್ಮ ದೇಶದ ಓದುಗರೂ ಅದನ್ನು ಸುಲಭವಾಗಿ ಒಪ್ಪಿಯಾರು. ಆದರೆ ಬಡಗಿ ಪದ್ಯದೊಳಗೆ ಬಂದ ಬಗೆಯನ್ನು ತಿಳಿದರೆ ಇಂಥ ವ್ಯಾಖ್ಯಾನಗಳಿಗೆ ತೂಕ ಕಡಮೆಯಾಗುತ್ತದೆ. ಚಿತ್ರ ಬರೆಯಬೇಕಾಗಿದ್ದ ಜಾನ್ ಟೆನಿಯಲ್ಲರ ಮುಂದೆ ಕವಿ ಮೂರು ಆಯ್ಕೆಗಳನ್ನು ಇಟ್ಟಿದ್ದರು: ಬಡಗಿ, ಚಿಟ್ಟೆ, ಬ್ಯಾರನೆಟ್ ಪದವಿಯ ಶ್ರೀಮಂತ. ಇಂಗ್ಲಿಷಿನಲ್ಲಿ ಮೂರೂ ಹೆಸರುಗಳು ಒಂದೇ ಮಾತ್ರೆಯವು, ಛಂದಸ್ಸಿಗೆ ಮೂರೂ ಕೂರುತ್ತವೆ. 'ಪಂಚ್' ಪತ್ರಿಕೆಯ ಹೆಸರಾಂತ ವ್ಯಂಗ್ಯಚಿತ್ರಕಾರರಾದ ಟೆನಿಯಲ್ ಬಡಗಿಯನ್ನು ಆರಿಸಿ, ಅಂದಿನ ಕೆಲಸಗಾರರು ಧರಿಸುತ್ತಿದ್ದ ಕಾಗದದ ಚೌಕಾಕಾರದ ಟೊಪ್ಪಿಯನ್ನು ಅವನಿಗೆ ತೊಡಿಸಿದರು. ಚಿಟ್ಟೆಯೊಂದು ವಾಲ್ರಸ್ಸಿನ ಪಕ್ಕದಲ್ಲಿ ಕುಳಿತು ಸಿಂಪಿ ತಿನ್ನುವ ದೃಶ್ಯವೂ ನಮ್ಮ ಪಾಲಿಗೆ ಬರಬಹುದಾಗಿತ್ತು! ಪದ್ಯದ ಮಾತುಗಳು ಬೇರೆಡೆಗೆ ಹಬ್ಬಿದ ಬಗೆಯೂ ವಿಚಿತ್ರ, ಕಥೆಗಾರ ಓ. ಹೆನ್ರಿ 1904ರಲ್ಲಿ ತಮ್ಮ ಮೊದಲ ಪುಸ್ತಕಕ್ಕೆ ಎಲೆಕೋಸು ಮತ್ತು ಅರಸರ ಹೆಸರನ್ನು ಇಲ್ಲಿಂದಲೇ ತೆಗೆದುಕೊಂಡರು. ಬೀಟಲ್ಸ್ ತಂಡದ ಜಾನ್ ಲೆನನ್ 1967ರ ಹಾಡೊಂದರಲ್ಲಿ ತನ್ನನ್ನು ವಾಲ್ರಸ್ಸೆಂದು ಸಾರಿಕೊಂಡು, ಆ ಪದ್ಯದಲ್ಲಿ ವಾಲ್ರಸ್ಸೇ ಕೆಡುಕನೆಂಬುದು ತನಗೆ ಅರಿವಾದದ್ದು ಆಮೇಲೆ ಎಂದು ಮುಂದೆ ಹೇಳಿಕೊಂಡನು. ಇದರಲ್ಲಿ ಆಶ್ಚರ್ಯವೇನಿಲ್ಲ. ಸಿಂಪಿಗಳನ್ನು ಒಲಿಸಿಕೊಂಡ ಮಾತಿನ ಸವಿ ಓದುಗರನ್ನೂ ಒಲಿಸಿಕೊಳ್ಳುತ್ತದೆ, ಪದ್ಯವನ್ನು ಕಟ್ಟಿರುವುದೇ ಹಾಗೆ.

ಈಗ ಆಲಿಸಳ ಬಳಿಗೆ ಬರೋಣ. ಪದ್ಯ ಮುಗಿದೊಡನೆ ಅವಳು ತನ್ನ ತೀರ್ಪನ್ನು ಹೇಳುತ್ತಾಳೆ: ವಾಲ್ರಸ್ಸೇ ಮೇಲು, ಅದಕ್ಕೆ ಆ ಬಡ ಸಿಂಪಿಗಳ ಬಗ್ಗೆ ಸ್ವಲ್ಪವಾದರೂ ಮರುಕವಿತ್ತು. ಮಕ್ಕಳಾರಾದರೂ ಮೊದಲು ಹೀಗೆಯೇ ಹೇಳುತ್ತಾರೆ, ದೊಡ್ಡವರೂ ಹೇಳುತ್ತಾರೆ. ಟ್ವೀಡಲ್‌ಡೀ ತಡೆಯುತ್ತಾನೆ: ಬಡಗಿಗಿಂತ ಹೆಚ್ಚು ತಿಂದದ್ದು ಅದೇ, ಎಷ್ಟು ತಿಂದಿತೆಂದು ಬಡಗಿಗೆ ಎಣಿಕೆ ಸಿಕ್ಕಬಾರದೆಂದೇ ಕೈಚೌಕವನ್ನು ಮುಂದೆ ಹಿಡಿದಿತ್ತು. ಹುಡುಗಿಗೆ ಸಿಟ್ಟು ಬರುತ್ತದೆ. ಹಾಗಾದರೆ ಕಡಮೆ ತಿಂದ ಬಡಗಿಯೇ ಮೇಲು. ಟ್ವೀಡಲ್‌ಡಮ್ ಅದನ್ನೂ ತಡೆಯುತ್ತಾನೆ: ಅವನು ತನ್ನ ಕೈಗೆ ಸಿಕ್ಕಷ್ಟನ್ನೂ ತಿಂದನು. ಈ ನಾಲ್ಕು ಮಾತುಗಳ ಸಂವಾದದಲ್ಲಿ ಧರ್ಮಜಿಜ್ಞಾಸೆಯ ಒಂದು ಹಳೆಯ ತೊಡಕು ಪೂರ್ತಿಯಾಗಿ ಬಿಚ್ಚಿಕೊಂಡಿದೆ. ಮನುಷ್ಯರನ್ನು ಅವರ ಭಾವದಿಂದ ಅಳೆಯುವುದಾದರೆ ಅತ್ತವನು ಮೇಲಾಗುತ್ತಾನೆ, ಆದರೆ ಅವನ ಕೈಯೇ ಹೆಚ್ಚು ತಿಂದಿದೆ. ಕೃತ್ಯದಿಂದ ಅಳೆಯುವುದಾದರೆ ಕಡಮೆ ತಿಂದವನು ಮೇಲಾಗುತ್ತಾನೆ, ಆದರೆ ಅವನು ಕಡಮೆ ತಿಂದದ್ದು ಸಂಯಮದಿಂದಲ್ಲ, ಸಿಕ್ಕದ್ದೇ ಅಷ್ಟಾದುದರಿಂದ. ಅಳದೆ ತಿಂದವನಲ್ಲಿ ಕಪಟವಾದರೂ ಇರಲಿಲ್ಲವೆಂದು ಮೂರನೆಯ ವಾದವೊಂದನ್ನು ಹೂಡೋಣವೆಂದರೆ, ಎಲ್ಲವೂ ಮುಗಿದ ಮೇಲೆ ಮನೆಗೆ ಹೋಗೋಣವೆ ಎಂದು ಬರಿಯ ಚಿಪ್ಪುಗಳನ್ನು ಕೇಳಿದವನು ಅವನೇ. ಆಲಿಸ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಇಬ್ಬರೂ ಹಿಡಿಸತಕ್ಕವರಲ್ಲ ಎಂಬ ನಿರ್ಣಯವನ್ನು ಆರಂಭಿಸುತ್ತಾಳೆ. ಅಷ್ಟರಲ್ಲಿ ಕಾಡಿನಿಂದ ಉಗಿಬಂಡಿಯಂಥ ಭಯಂಕರ ಸದ್ದು ಕೇಳಿಸುತ್ತದೆ. ಅದು ಕೆಂಪು ಅರಸನ ಗೊರಕೆ. ತೀರ್ಪು ಅರ್ಧಕ್ಕೆ ನಿಲ್ಲುತ್ತದೆ.

ತೀರ್ಪನ್ನು ಕವಿ ಹೀಗೆ ಮುರಿದಿಟ್ಟದ್ದು ಸರಿಯೆ, ಇದನ್ನು ಪುಟ್ಟ ಮಕ್ಕಳು ಸಹಿಸಿಯಾರೆ ಎಂಬ ಪ್ರಶ್ನೆ ಆಗಲೂ ಎದ್ದಿರಬೇಕು. ಏಕೆಂದರೆ 1886ರ ಡಿಸೆಂಬರಿನಲ್ಲಿ ಸ್ಯಾವಿಲ್ ಕ್ಲಾರ್ಕ್ ಎಂಬವರು ಈ ಪುಸ್ತಕಗಳನ್ನು ಗೀತನಾಟಕವಾಗಿ ಲಂಡನ್ನಿನ ರಂಗಭೂಮಿಗೆ ತಂದಾಗ, ಕ್ಯಾರಲ್ಲರೇ ಪದ್ಯದ ಕೊನೆಯನ್ನು ಬದಲಾಯಿಸಿ ಕೊಟ್ಟರು. ಉಂಡು ಮಲಗಿದ ವಾಲ್ರಸ್ ಮತ್ತು ಬಡಗಿಯ ಬಳಿಗೆ ಸಿಂಪಿಗಳ ಪ್ರೇತಗಳು ಬಂದು ಹಾಡಿ, ಕುಣಿದು, ಮಲಗಿದವರ ಎದೆಯ ಮೇಲೆ ತುಳಿಯುತ್ತವೆ. ನಾಟಕ ನೋಡಬಂದ ಮಕ್ಕಳು ಇದನ್ನು ಕಂಡು ಹಿಗ್ಗಿದರೆ ತಪ್ಪಿಲ್ಲ, ರಂಗಕ್ಕೆ ಅದು ಬೇಕಾಗಿಯೂ ಇದ್ದೀತು. ಆದರೆ ಪ್ರೇತಗಳು ಬಂದೊಡನೆ ಪದ್ಯ ಪಂಚತಂತ್ರದ ಏಡಿಯ ಕಥೆಯಾಗಿಬಿಟ್ಟಿತು. ಆಲಿಸ್ ಮಾಡಬೇಕಾಗಿದ್ದ ಕೆಲಸವನ್ನು ಪ್ರೇತಗಳು ಮಾಡಿ ಮುಗಿಸಿದುವು. ಮಕ್ಕಳ ಪದ್ಯಸಂಕಲನಗಳನ್ನು ಸಿದ್ಧಪಡಿಸುವವರು ಇದಕ್ಕಿಂತಲೂ ದೊಡ್ಡ ನಷ್ಟವನ್ನು ಮಾಡುತ್ತ ಬಂದಿದ್ದಾರೆ. ಅವರು 108 ಸಾಲುಗಳನ್ನು ಪುಸ್ತಕದಿಂದ ಕಿತ್ತು ತಂದು, ಅವುಗಳ ಬೆನ್ನಿಗೆ ಬರುವ ಸಂವಾದವನ್ನು ಅಲ್ಲಿಯೇ ಬಿಟ್ಟುಬಿಡುತ್ತಾರೆ. ಆಗ ಉಳಿಯುವುದು ಸೊಗಸಾದ, ಸ್ವಲ್ಪ ನಿರ್ದಯವಾದ ನಗೆಹಾಡು ಮಾತ್ರ.

ನಮ್ಮಲ್ಲಿ ನಾ. ಕಸ್ತೂರಿಯವರು ಕ್ಯಾರಲ್ಲರ ಮೊದಲ ಪುಸ್ತಕವನ್ನು 'ಪಾತಾಳದಲ್ಲಿ ಪಾಪಚ್ಚಿ'ಯಾಗಿ ಕನ್ನಡಿಸಿ, ಆ ಹುಡುಗಿಯನ್ನು ನಮ್ಮ ಮನೆಯ ಮಗುವಾಗಿ ಮಾಡಿದರು. ಕನ್ನಡಿಯ ಆಚೆಗಿನ ಪುಸ್ತಕವನ್ನಾಗಲಿ ಅದರ ಈ ಪದ್ಯವನ್ನಾಗಲಿ ಮಕ್ಕಳ ಕೈಗೆ ಕೊಡುವವರಲ್ಲಿ ನನ್ನದು ಒಂದೇ ಬಿನ್ನಹ. ಸಿಂಪಿಗಳು ಮುಗಿದುವೆಂದು ಪುಟವನ್ನು ಮುಚ್ಚಬೇಡಿ. ಮುಂದಿನ ಹತ್ತು ಸಾಲುಗಳನ್ನೂ ಓದಿ ಹೇಳಿ, ಗೊರಕೆಯ ಸದ್ದಿನವರೆಗೂ ಓದಿ. ಇಬ್ಬರಲ್ಲಿ ಯಾರು ಮೇಲೆಂದು ಮಕ್ಕಳನ್ನು ಕೇಳಿ, ಅವರು ವಾಲ್ರಸ್ ಎಂದರೆ ಕೈಚೌಕದ ಸಂಗತಿಯನ್ನು ತಿಳಿಸಿ, ಬಡಗಿ ಎಂದರೆ ಸಿಕ್ಕಷ್ಟನ್ನೂ ತಿಂದನೆಂಬುದನ್ನು ತಿಳಿಸಿ. ಅಷ್ಟಾದ ಮೇಲೆ ಅವರು ತಮ್ಮೊಳಗೆ ಜಗಳವಾಡಿಕೊಂಡರೆ ಆಡಿಕೊಳ್ಳಲಿ, ನಡುವೆ ಬಾಯಿ ಹಾಕಬೇಡಿ.